ಹೆಡ್ಮಾಸ್ಟ್ರ ಸಹಿ ಇದ್ದರೆ ಸಾಕೇ?

ಪ್ರಶ್ನೆ: ಎಂ.ಎಸ್ಸಿ. ಮನಶ್ಶಾಸ್ತ್ರದ ಪ್ರಾಜೆಕ್ಟಿಗಾಗಿ ಕನ್ನಡ ಮಾಧ್ಯಮ ಶಾಲೆಯೊಂದರ 9ನೇ ತರಗತಿಯ ಮಕ್ಕಳಿಂದ ಪಿಎಚ್‌ಕ್ಯೂ-9 ಖಿನ್ನತೆ ಪ್ರಶ್ನಾವಳಿ ತುಂಬಿಸಬೇಕೆಂದಿದ್ದೇನೆ. ಹೆಡ್ಮಾಸ್ಟ್ರು ಸಹಿ ಹಾಕಿ ಕೊಟ್ಟಿದ್ದಾರೆ, ಮಕ್ಕಳ ಹೆಸರು ಬರೆಸುವುದಿಲ್ಲ. ಸಾಕಲ್ಲವೇ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಸಾಲದು. ಹೆಡ್ಮಾಸ್ಟ್ರ ಸಹಿ ಶಾಲೆಯ ಗೇಟು ದಾಟುವುದಕ್ಕಷ್ಟೇ. ಮೊದಲು ನಿಮ್ಮ ಸಂಸ್ಥೆಯ ನೀತಿ ಸಮಿತಿಯ (ಸಂಶೋಧನೆಯಿಂದ ಯಾರಿಗೂ ಹಾನಿಯಾಗದಂತೆ ನೋಡುವ ಎಥಿಕ್ಸ್ ಕಮಿಟಿ) ಒಪ್ಪಿಗೆ. ಆಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಹೆತ್ತವರ ಲಿಖಿತ ಒಪ್ಪಿಗೆ; 12 ದಾಟಿದ ಮಕ್ಕಳಾದ್ದರಿಂದ ಅವರದೂ ಲಿಖಿತ ಸಮ್ಮತಿ. (7ರಿಂದ 12ರವರಿಗೆ ಬಾಯಿಮಾತು ಸಾಕು.) ಅಪ್ಪ ಹೂಂ ಅಂದು ಮಗು ಬೇಡ ಅಂದರೆ, ಬೇಡ.

ಕಾಸರಗೋಡಿನಲ್ಲಿ ಮನೆಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ ಇರುತ್ತದೆ, ಓದಿದ್ದು ಕನ್ನಡ ಅಥವಾ ಮಲಯಾಳ. ಒಪ್ಪಿಗೆ ಪತ್ರವನ್ನು ಎರಡು ಭಾಷೆಯಲ್ಲೂ ಅಚ್ಚು ಹಾಕಿಸಿ, ವಿವರಿಸುವಾಗ ಮನೆಮಾತಿನಲ್ಲಿ ಹೇಳಿ. ಓದು ಬಾರದವರದು ಹೆಬ್ಬೆಟ್ಟು. ಜೊತೆಗೆ ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯ ಸಹಿ.

ಹೆಸರು ಬರೆಸುವುದಿಲ್ಲ ಎಂದಿರಲ್ಲ, ನಿಜವಾದ ತೊಡಕು ಅದೇ. ಪ್ರಶ್ನಾವಳಿಯ 9ನೇ ಪ್ರಶ್ನೆ ಕಳೆದ 2 ವಾರಗಳಲ್ಲಿ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುತ್ತದೆ. ಯಾರಾದರೂ 0 (ಒಮ್ಮೆಯೂ ಇಲ್ಲ) ಬಿಟ್ಟು 1, 2, 3ರಲ್ಲಿ ಒಂದಕ್ಕೆ ಗುರುತು ಹಾಕಿದರೆ ಆ ಮಗುವನ್ನು ಹುಡುಕುವುದು ಹೇಗೆ? ಹಾಳೆಗೆ ಸಂಕೇತ ಸಂಖ್ಯೆ ಕೊಡಿ. ಸಂಖ್ಯೆ ಮತ್ತು ಹೆಸರಿನ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರಲಿ. ಶಾಲೆಯಿಂದ ಹೊರಡುವ ಮೊದಲೇ ಎಲ್ಲ ಹಾಳೆಗಳ 9ನೇ ಉತ್ತರ ನೋಡಿ. ಭಾನುವಾರ ಕಂಪ್ಯೂಟರಿಗೆ ಏರಿಸುವಾಗ ನೋಡಿದರಾಯಿತು ಎನ್ನುವ ಹಾಗಿಲ್ಲ. ಗುರುತು ಹಾಕಿದ ಮಗುವಿನೊಡನೆ ಅಂದೇ ಮಾತಾಡುವವರು ಗೈಡೋ, ಶಾಲಾ ಕೌನ್ಸಿಲರೋ, ಮನೋವೈದ್ಯರೋ, ಅದನ್ನು ಮೊದಲೇ ಗೊತ್ತುಮಾಡಿ ಸಮಿತಿಗೆ ಕೊಡುವ ಅರ್ಜಿಯಲ್ಲಿ ಬರೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಇರುವ ಚೀಟಿ ಎಲ್ಲರಿಗೂ ಹಂಚಿ. ಕೆಲವರಿಗೆ ಮಾತ್ರ ಕೊಟ್ಟರೆ ಯಾರೆಂದು ಇಡೀ ಕ್ಲಾಸಿಗೆ ತಿಳಿಯುತ್ತದೆ. ಜೀವಕ್ಕೆ ಅಪಾಯ ಕಂಡರೆ ಗುಟ್ಟು ಉಳಿಸುವುದಿಲ್ಲ ಎಂಬ ಸಾಲು ಮಾಹಿತಿ ಪತ್ರದಲ್ಲೇ ಇರಬೇಕು.

ತುಂಬಿಸುವಾಗ ಕ್ಲಾಸ್ ಟೀಚರ್ ಹೊರಗಿರಲಿ. ವರದಿಯಲ್ಲಿ ಶಾಲೆಯ ಹೆಸರು ಬೇಡ. ಸಣ್ಣ ತರಗತಿಯಲ್ಲಿ ‘ಕೊಂಕಣಿ ಮನೆಮಾತಿನ ಹುಡುಗಿ’ ಎಂದರೆ ಹೆಸರು ಹೇಳಿದಂತೆಯೇ.

ಪ್ರಶ್ನೆ: ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವ ಮಗನ ಬಗ್ಗೆ, ನನ್ನ ಮನಸ್ಸಿನ ಒತ್ತಡದ ಬಗ್ಗೆ ಸಂಶೋಧಕರೊಬ್ಬರು ಮಾತಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರು. ಈಗ ಬೇಡ ಅನಿಸುತ್ತಿದೆ.
– ತಾಯಿ, ಎಣ್ಮಕಜೆ

ಉತ್ತರ: ಬೇಡ ಎನ್ನಬಹುದು ಅಮ್ಮ, ಕಾರಣ ಹೇಳಬೇಕಾಗಿಲ್ಲ. ಮಗನ ಪಿಂಚಣಿಗೂ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ತಡ ಮಾಡಬೇಡಿ: ಹೆಸರು ತೆಗೆದು ಉಳಿದವರ ಮಾತಿನೊಡನೆ ಬೆರೆಸಿದ ಮೇಲೆ ನಿಮ್ಮದನ್ನು ಹೆಕ್ಕುವುದು ಕಷ್ಟ, ಪ್ರಕಟವಾದರೆ ಆಗುವುದೇ ಇಲ್ಲ. ಒಪ್ಪಿಗೆ ಪತ್ರದ ನಿಮ್ಮ ಪ್ರತಿಯಲ್ಲಿ ಸಂಶೋಧಕರ ಮತ್ತು ನೀತಿ ಸಮಿತಿಯ ಫೋನ್ ಸಂಖ್ಯೆ ಇರಬೇಕು. ಪ್ರತಿಯನ್ನೇ ಕೊಟ್ಟಿಲ್ಲವೆಂದರೆ ಅದೂ ಒಂದು ದೂರು. ಅವರ ಸಂಸ್ಥೆಯ ನೀತಿ ಸಮಿತಿಗೆ ಕನ್ನಡದಲ್ಲೇ ಪತ್ರ ಹಾಕಿ: ಬಂದ ದಿನ, ಬಂದವರ ಹೆಸರು ಹಾಕಿ, ‘ರೆಕಾರ್ಡಿಂಗ್ ಅಳಿಸಿ, ಅಳಿಸಿದ್ದನ್ನು ಬರೆದು ತಿಳಿಸಿ’ ಎಂದು ಕೇಳಿ.