ಗೋಡೆಗೆ ಸೀಸ ಹೊಡೆಸಿದ್ರಿ ಸರಿ, ಬಾಗಿಲ ಸಂದಿ ನೋಡಿದ್ರಾ?

ಪ್ರಶ್ನೆ: ಎಕ್ಸ್‌ರೇ ರೂಮಿನ ಗೋಡೆಗೆಲ್ಲ ಕಿರಣ ತಡೆಯೋಕೆ 2 ಎಂಎಂ ಲೆಡ್ (ಸೀಸ) ಶೀಟ್ ಹಾಕಿಸಿದೀವಿ, ಇನ್ನೇನೂ ಯೋಚನೆ ಇಲ್ಲ ಅಲ್ವಾ ಸರ್?

ಉತ್ತರ: ಯೋಚನೆ ಇದೆ. ಎಷ್ಟು ಸಲ ಬರೆದರೂ ಎಲ್ಲರೂ ಎಂಎಂ ಲೆಕ್ಕಾನೇ ಹೇಳ್ತಾರೆ, ಸಂದಿ ಬಗ್ಗೆ ಒಬ್ಬರೂ ಕೇಳಲ್ಲ. ಮಾಮೂಲಿ ಎಕ್ಸ್‌ರೇಗೆ 2 ಎಂಎಂ ಸಾಮಾನ್ಯವಾಗಿ ಸಾಕು, ಆದ್ರೆ ಶೀಟ್‌ಗೆ ಶೀಟ್ ಸೇರೋ ಕಡೆ ಒಂದರ ಮೇಲೊಂದು ಕನಿಷ್ಠ 1 ಸೆಂಟಿಮೀಟರ್ ಹತ್ತಿರೋ ಹಾಗೆ ಕೂರಿಸಿದಾರಾ, ಸ್ವಿಚ್ ಬಾಕ್ಸ್‌ಗೆ ಅಂತ ಕೊರೆದ ಜಾಗದ ಹಿಂದೆ ಮತ್ತೆ ಸೀಸ ಇಟ್ಟಿದಾರಾ, ಏಸಿ ಪೈಪ್ ಹೋಗೋ ತೂತು ಏನಾಯ್ತು, ಬಾಗಿಲೊಳಗೆ ಸೀಸ ಇದ್ದು ಫ್ರೇಮಲ್ಲಿ ಇಲ್ದೇ ಇದ್ಯಾ, ಇದನ್ನೆಲ್ಲ ನೋಡಬೇಕು. ಒಂದು ಆಸ್ಪತ್ರೆಯಲ್ಲಿ ಗೋಡೆ ಎಲ್ಲ ಕಡೆ ಚೆನ್ನಾಗಿತ್ತು, ಬಾಗಿಲ ಫ್ರೇಮ್ ಹತ್ರ ರೇಡಿಯೇಷನ್ ಅಳೆಯೋ ಸರ್ವೇ ಮೀಟರ್ ಹಿಡಿದ ತಕ್ಷಣ ರೀಡಿಂಗ್ ಏರಿತು, ಅದರ ಎದುರಿಗೇ ರೋಗಿಗಳ ಕಡೆಯವರು ಕೂರೋ ಬೆಂಚು! ಅವತ್ತಿಂದ ನಾನೇ ನಿಂತು ಅಳೆಯದೆ ಯಾವ ರೂಮಿಗೂ ಸೈನ್ ಹಾಕಲ್ಲ, ಬೈದ್ರೂ ಪರವಾಗಿಲ್ಲ.

ಇನ್ನೊಂದು, ಸೀಸ ಮೆತ್ತಗಿನ ಲೋಹ, ಭಾರಾನೂ ಜಾಸ್ತಿ. ಮೇಲೆ ಮಾತ್ರ ಮೊಳೆ ಹೊಡೆದು ನೇತು ಹಾಕಿದ್ರೆ ವರ್ಷಗಳು ಕಳೆದಂಗೆ ತನ್ನ ಭಾರಕ್ಕೇ ಕೆಳಗೆ ಜಗ್ಗಿ ಮೇಲೆ ಸಂದಿ ಬಿಡುತ್ತೆ, ಪ್ಲೈವುಡ್ ಮುಚ್ಚಿರೋದ್ರಿಂದ ಕಣ್ಣಿಗೆ ಕಾಣಲ್ಲ. ಅದಕ್ಕೇ ಫಿಟ್ಟಿಂಗ್ ಆದ ದಿನ ಒಂದು ಸಲ ಅಳೆದು ಫೈಲಲ್ಲಿಟ್ಟರೆ ಆಗಲ್ಲ, ಮಷಿನ್ ಬದಲಾದಾಗ, ಗೋಡೆ ಮುಟ್ಟಿದಾಗ ಮತ್ತೆ ಅಳೆಸಿ. ಪಕ್ಕದ ರೂಮಲ್ಲಿ ಯಾರು ಎಷ್ಟು ಹೊತ್ತು ಇರ್ತಾರೆ, ದಿನಕ್ಕೆ ಎಷ್ಟು ಎಕ್ಸ್‌ರೇ ತೆಗಿತೀರಿ, ಎಕ್ಸ್‌ರೇ ಕಿರಣ ಯಾವ ಗೋಡೆ ಕಡೆ ತಿರುಗುತ್ತೆ, ಇದನ್ನೆಲ್ಲ ಲೆಕ್ಕ ಹಾಕಿ ದಪ್ಪ ಹೇಳಬೇಕಾದವರು ಮೆಡಿಕಲ್ ಫಿಸಿಸಿಸ್ಟ್, ಶೀಟ್ ಮಾರೋನಲ್ಲ. "ಎಲ್ಲಾದಕ್ಕೂ 2 ಎಂಎಂ ಸಾಕು" ಅನ್ನೋನನ್ನ ಹತ್ರಕ್ಕೆ ಸೇರಿಸಬೇಡಿ. ಸ್ಕ್ಯಾನಿಗೆ ಅಂತ ರೋಗಿಗೆ ಕೊಡೋ ವಿಕಿರಣ ವಸ್ತು ಟೆಕ್ನೀಷಿಯಂನ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಕಿರಣದಲ್ಲಿ 2 ಎಂಎಂ ಸೀಸ ದಾಟೋದು ನೂರಕ್ಕೆ ಒಂದಕ್ಕಿಂತ ಕಡಿಮೆ, ಅದೇ ಪೆಟ್ ಸ್ಕ್ಯಾನಿನ (ಇದೂ ರೋಗಿಗೆ ವಿಕಿರಣ ವಸ್ತು ಕೊಟ್ಟು ಮಾಡೋ ಸ್ಕ್ಯಾನ್) 511 ಕೆಇವಿ ಆದ್ರೆ ಅರ್ಧಕ್ಕಿಂತ ಜಾಸ್ತಿ ಆರಾಮಾಗಿ ದಾಟುತ್ತೆ. ಎಕ್ಸ್‌ರೇ ರೂಮಿನ ಲೆಕ್ಕಾನ ಪೆಟ್ ರೂಮಿಗೆ ಹಚ್ಚೋದು ಕೆಲಸಗಾರರ ಮೈ ಮೇಲೆ ಮಾಡೋ ಅನ್ಯಾಯ, ಇದು ನಂಗೆ ನಿಜವಾಗ್ಲೂ ಸಿಟ್ಟು ತರಿಸೋ ವಿಷಯ.

ಪ್ರಶ್ನೆ: ಎಕ್ಸ್‌ರೇ ಆಫ್ ಮಾಡಿದ ಮೇಲೂ ರೂಮಲ್ಲಿ ರೇಡಿಯೇಷನ್ ಉಳಿಯುತ್ತಂತೆ?

ಉತ್ತರ: ಉಳಿಯಲ್ಲ. ಲೈಟ್ ಆರಿಸಿದ ಮೇಲೆ ಬೆಳಕು ಉಳಿಯುತ್ತಾ?

ಪ್ರಶ್ನೆ: ಎಂಆರ್‌ಐ ರೂಮಿಗೆ ಎಷ್ಟು ಎಂಎಂ ಸೀಸ ಬೇಕು?

ಉತ್ತರ: ಬೇಡ. ಅಲ್ಲಿ ಎಕ್ಸ್‌ರೇನೇ ಇಲ್ಲ, ಗೋಡೆಗೆ ಹಾಕೋ ತಾಮ್ರ ರೇಡಿಯೋ ಅಲೆ ತಡೆಯೋಕೆ.

ಪ್ರಶ್ನೆ: ರೇಡಿಯೇಷನ್ ಹೀರೋ ಸ್ಟಿಕ್ಕರ್, ಲಾಕೆಟ್ ಹಾಕ್ಕೊಂಡ್ರೆ ಸ್ಟಾಫಿಗೆ ಒಳ್ಳೇದಾ?

ಉತ್ತರ: ಮೋಸ. ಹಾಕ್ಕೊಂಡಿದೀನಿ ಅನ್ನೋ ಧೈರ್ಯದಲ್ಲಿ ಕಿರಣ ತಡೆಯೋ ಬ್ಯಾರಿಯರ್ ಹಿಂದಿಂದ ಈಚೆ ಬರ್ತಾರಲ್ಲ, ಅದು ಇನ್ನೂ ಕೆಟ್ಟದ್ದು.

ಪ್ರಶ್ನೆ: ಲೆಡ್ ಏಪ್ರನ್ ಮಡಚಿ ಕಪಾಟಲ್ಲಿ ಇಡಬಹುದಾ?

ಉತ್ತರ: ಖಂಡಿತ ಬೇಡ, ಮಡಿಕೆ ಬಿದ್ದ ಕಡೆ ಒಳಗೇ ಬಿರುಕು ಬಿಡುತ್ತೆ. ಹ್ಯಾಂಗರಿಗೆ ಹಾಕಿ, ವರ್ಷಕ್ಕೊಂದು ಸಲ ಅದನ್ನೇ ಫ್ಲೋರೋಸ್ಕೋಪಿ (ಪರದೆ ಮೇಲೆ ನೇರವಾಗಿ ಕಾಣೋ ಎಕ್ಸ್‌ರೇ) ಕೆಳಗಿಟ್ಟು ನೋಡಿ, ಬಿರುಕು ದೊಡ್ಡದಿದ್ರೆ ಆವತ್ತೇ ಬಳಸೋದು ನಿಲ್ಲಿಸಿ.