ಹೋದ ವರ್ಷ ಆಗಿಬಂದ ಏಡಿ ಈ ವರ್ಷ ಯಾಕೆ ಆಗಲಿಲ್ಲ?

ಅಮ್ಮ, ನಮಸ್ಕಾರ.

ನಿಮ್ಮ ಪತ್ರ ಮೂರು ಸಲ ಓದಿದೆ. ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ.

ತೋಟದ ಮನೆ. ಮೊಮ್ಮಗನಿಗೆ 12 ವರ್ಷ. ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ ಶುರುವಾದ ವಾರ ಗದ್ದೆಯಿಂದ ಏಡಿ ಹಿಡಿದು ತಂದು ಸಾರು ಮಾಡಿದಿರಿ. ಊಟ ಮುಗಿದು ಕಾಲು ಗಂಟೆ ಆಗಿರಲಿಲ್ಲ, ಹುಡುಗನ ತುಟಿ ಊದಿತು, ಮೈಮೇಲೆಲ್ಲ ದದ್ದು ಎದ್ದವು, ಎರಡು ಸಲ ವಾಂತಿ ಮಾಡಿಕೊಂಡ, ಗಂಟಲು ಹಿಡಿದ ಹಾಗೆ ಆಗುತ್ತಿದೆ ಅಂತ ಕೆಮ್ಮತೊಡಗಿದ. ನಿಮ್ಮ ಮನೆಯವರು ಪಿತ್ತಗಂಧೆ ಅಂದು ಕಂಬಳಿಯಿಂದ ಮೈ ಉಜ್ಜಿದರು. ಕಡಿಮೆ ಆಗದೆ ಇದ್ದಾಗ ಜೀಪಿನಲ್ಲಿ ಡಾಕ್ಟರ್ ಹತ್ತಿರ ಹೋದಿರಿ, ಇಂಜೆಕ್ಷನ್ ಕೊಟ್ಟರು, ಗಂಟೆಯೊಳಗೆ ಆರಾಮಾಗಿ ಮನೆಗೆ ಬಂದಿರಿ. ಆಮೇಲೆ ನೀವು ಕೇಳಿದ್ದು ಇಷ್ಟು. ಐದು ವರ್ಷದವನಿದ್ದಾಗಿಂದ ಏಡಿ ತಿಂದ ಹುಡುಗ, ಈಗ ಯಾಕೆ ಹೀಗಾಯಿತು? ಅವನ ಮೈಯಲ್ಲಿ ಶಕ್ತಿ ಕಡಿಮೆ ಆಗಿದೆಯಾ? ಸ್ವಲ್ಪ ಸ್ವಲ್ಪ ತಿನ್ನಿಸಿ ಅಭ್ಯಾಸ ಮಾಡಿಸಬಹುದಾ? ಕಕ್ಕಡ 18ಕ್ಕೆ, ಔಷಧಿ ಅಂತ ತಿನ್ನುವ ಮದ್ದುಸೊಪ್ಪಿನ ಪಾಯಸ ಕೊಡಬಹುದಾ?

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಯಾರಾದರೂ ಒಂದು ಚೂರು ಕೊಟ್ಟು ನೋಡೋಣ ಅಂದುಬಿಟ್ಟಾರು ಅನ್ನುವ ಭಯ ನನಗಿದೆ. ಬೇಡ. ಒಂದು ಚೂರೂ ಬೇಡ. ಸಾರಿನ ಸೌಟು ಕೂಡ ಅವನ ತಟ್ಟೆಗೆ ತಾಗುವುದು ಬೇಡ.

ಫ್ರಾನ್ಸಿನಲ್ಲಿ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಎಂಬ ಇಬ್ಬರು ವಿಜ್ಞಾನಿಗಳು ಇದೇ ಆಸೆಯಿಂದ ಒಂದು ಪ್ರಯೋಗ ಮಾಡಿದ್ದರು. ಸಮುದ್ರದಲ್ಲಿ ಹೂವಿನ ಹಾಗೆ ಕಾಣುವ ಒಂದು ಪ್ರಾಣಿ ಇದೆ, ಅದರ ವಿಷವನ್ನು ನಾಯಿಗಳಿಗೆ ಸ್ವಲ್ಪವೇ ಕೊಟ್ಟರು. ಹೀಗೆ ಕೊಡುತ್ತಾ ಹೋದರೆ ನಾಯಿಗೆ ಅಭ್ಯಾಸವಾಗಿ ತಡೆದುಕೊಳ್ಳುವ ಬಲ ಬರುತ್ತದೆ ಎಂಬ ಲೆಕ್ಕ. ಬದುಕಿ ಉಳಿದ ನಾಯಿಗಳಿಗೆ ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರು, ಈ ಸಲವೂ ಸ್ವಲ್ಪವೇ. ಗಟ್ಟಿಯಾಗಬೇಕಿದ್ದ ನಾಯಿ ಉಸಿರು ಕಟ್ಟಿ ವಾಂತಿ ಮಾಡಿಕೊಂಡು ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲಾಕ್ಸಿಸ್ ಅಂತ ಹೆಸರಿಟ್ಟರು, ಅಂದರೆ ಕಾಪಾಡುವುದಕ್ಕೆ ವಿರುದ್ಧವಾದದ್ದು. 1913ರಲ್ಲಿ ರಿಷೆಗೆ ಇದಕ್ಕೇ ನೊಬೆಲ್ ಬಂತು. ನಿಮ್ಮ ಮೊಮ್ಮಗನಿಗೆ ಆದದ್ದೂ ಇದೇ ಅಮ್ಮ. ಚರ್ಮ, ಹೊಟ್ಟೆ, ಉಸಿರು ಮೂರೂ ಕಡೆ ಒಟ್ಟಿಗೆ ಕಾಣಿಸಿಕೊಂಡಿದೆ. ಸುಮ್ನೆ ಮೈ ತುರಿಸಿದ್ದಲ್ಲ.

ಆಸ್ಪತ್ರೆಯಲ್ಲಿ ತಜ್ಞರು ಕೆಲವು ಅಲರ್ಜಿಗೆ ಅಳತೆ ಮಾಡಿ ಅಷ್ಟಷ್ಟೇ ಕೊಟ್ಟು ಒಗ್ಗಿಸುವ ಚಿಕಿತ್ಸೆ ಇದೆ, ಅದು ನಿಜ. ಅದನ್ನು ಅವರು ಪಕ್ಕದಲ್ಲಿ ಔಷಧಿ ಇಟ್ಟುಕೊಂಡು, ತಿಂಗಳುಗಟ್ಟಲೆ ಕಾದು ಮಾಡುತ್ತಾರೆ. ಅದು ಮನೆಯಲ್ಲಿ ಮಾಡುವಂಥದ್ದಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಹೆಚ್ಚಿನವರು ಇದನ್ನೇ ಹಿಡಿದು ಅಲರ್ಜಿ ಇರಲಿಕ್ಕಿಲ್ಲ ಅಂತ ತೀರ್ಮಾನ ಮಾಡುತ್ತಾರೆ. ಮೊದಲು ತಿಂದಿದ್ದಾನಲ್ಲ, ಏನೂ ಆಗಿಲ್ಲವಲ್ಲ ಅಂತ. ಆದರೆ ಅಲರ್ಜಿ ಇರುವುದೇ ಹಾಗೆ. ಅದು ಮೊದಲ ಭೇಟಿಯಲ್ಲಿ ಬರುವುದಿಲ್ಲ. ಮೈ ಆ ವಸ್ತುವನ್ನು ಒಮ್ಮೆಯಾದರೂ ಕಂಡು ಗುರುತು ಹಾಕಿಕೊಂಡಿರಬೇಕು. ಆ ಗುರುತು ಎರಡನೆಯ ಸಲಕ್ಕೆ ಸಿದ್ಧವಾಗಬಹುದು, ಇಪ್ಪತ್ತನೆಯ ಸಲಕ್ಕೂ ಆಗಬಹುದು. ಏಡಿ, ಸೀಗಡಿಯ ಅಲರ್ಜಿ ದೊಡ್ಡವರಾದ ಮೇಲೆ ಶುರುವಾಗುವುದು ತೀರಾ ಸಾಮಾನ್ಯ.

ಗುರುತು ಹಾಕಿಕೊಳ್ಳುವುದು ಅಂದರೆ ಏನು? ನಮ್ಮ ರಕ್ತದಲ್ಲಿ ಐಜಿಇ ಎಂಬ ಒಂದು ಪ್ರೋಟೀನು ಇದೆ. ಹೊಟ್ಟೆಯ ಜಂತುಹುಳು, ಕೊಕ್ಕೆಹುಳುಗಳ ವಿರುದ್ಧ ಅದು ಕೆಲಸ ಮಾಡುತ್ತದೆ. ಕೆಲವರ ಮೈ ಹುಳುವಿನ ಬದಲು ಏಡಿಯ ಪ್ರೋಟೀನಿಗೆ, ಹೂವಿನ ಪರಾಗಕ್ಕೆ, ಕಣಜದ ವಿಷಕ್ಕೆ ಐಜಿಇ ತಯಾರಿಸಿಬಿಡುತ್ತದೆ. ಅದು ಹೋಗಿ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಚರ್ಮದ ಕೆಳಗೆ, ಮೂಗಿನಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ, ಹೊರಗಿನದು ಒಳಗೆ ಬರುವ ದಾರಿಗಳಲ್ಲೆಲ್ಲ ಈ ಕೋಶಗಳು ಇರುತ್ತವೆ, ಒಂದೊಂದರ ಹೊಟ್ಟೆಯಲ್ಲೂ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿದ ನೂರಾರು ಸಣ್ಣ ಚೀಲಗಳು. ಇಷ್ಟೆಲ್ಲ ಆಗುವಾಗ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ, ಉಂಡುಕೊಂಡು ಓಡಾಡಿಕೊಂಡು ಇರುತ್ತಾನೆ. ಮುಂದಿನ ಸಲ ಅದೇ ಏಡಿಯ ಪ್ರೋಟೀನು ಬಂದು ಆ ಐಜಿಇಗಳಿಗೆ ತಗುಲಿಕೊಂಡ ಕೂಡಲೇ ಚೀಲಗಳೆಲ್ಲ ಒಡೆದು ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ನಿಮಿಷಗಳ ಕೆಲಸ. ಸಣ್ಣ ರಕ್ತನಾಳಗಳು ಅಗಲವಾಗಿ ಅವುಗಳಿಂದ ನೀರು ಸೋರುತ್ತದೆ, ಅದೇ ತುಟಿಯ ಊತ, ಮೈಮೇಲಿನ ದದ್ದು. ನರಕ್ಕೆ ತಾಗಿ ತುರಿಕೆ. ಕರುಳು ಹಿಂಡಿ ವಾಂತಿ. ಶ್ವಾಸನಾಳ ಬಿಗಿದು ಕೆಮ್ಮು, ಉಬ್ಬಸ. ಇನ್ನೂ ಮುಂದೆ ಹೋದರೆ ಮೈಯ ರಕ್ತನಾಳಗಳೆಲ್ಲ ಸಡಿಲವಾಗಿ ಬಿಪಿ ಇಳಿದು ತಲೆ ತಿರುಗಿ ಬೀಳುತ್ತಾರೆ.

ಏಡಿ ಇಲ್ಲಿ ಏನೂ ಮಾಡಲಿಲ್ಲ, ನೋಡಿ. ರಾತ್ರಿ ತೋಟದಲ್ಲಿ ಹಲಸಿನ ಹಣ್ಣು ಬಿದ್ದ ಸದ್ದಿಗೆ ಆನೆ ಬಂತು ಅಂತ ಲೈನ್ ಮನೆಗಳ ಕೆಲಸದವರೆಲ್ಲ ಕತ್ತಲಲ್ಲಿ ಓಡಿದರೆ ಏಟಾಗುವುದು ಓಟದಿಂದ, ಹಲಸಿನ ಹಣ್ಣಿನಿಂದ ಅಲ್ಲ. ಹಾಗಾಗಿ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಅವನ ಮೈಯಲ್ಲಿ ಶಕ್ತಿ ಕಡಿಮೆ ಆಗಿಲ್ಲ. ಬೇಡದ ಕಡೆ ಶಕ್ತಿ ತೋರಿಸಿದೆ. ಇಮ್ಯುನಿಟಿ ಹೆಚ್ಚಿಸುವ ಪುಡಿ, ಟಾನಿಕ್ಕು ತಂದು ಕುಡಿಸಿದರೆ ಇದಕ್ಕೆ ಏನೂ ಪ್ರಯೋಜನ ಇಲ್ಲ. ದಯವಿಟ್ಟು ಆ ದುಡ್ಡು ಉಳಿಸಿ, ಪರೀಕ್ಷೆಗೆ ಬೇಕಾಗುತ್ತದೆ.

ಈ ಗುರುತು ರಕ್ತದಲ್ಲೇ ಇದೆ ಅಂತ ಗೊತ್ತಾದ ಕಥೆಯೂ ಊಟದ್ದೇ. 1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು, ಪ್ರೌಸ್ನಿಟ್ಸ್ ಮತ್ತು ಕ್ಯುಸ್ಟ್ನರ್. ಕ್ಯುಸ್ಟ್ನರ್‌ಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ, ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಕ್ಯುಸ್ಟ್ನರ್ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಪ್ರೌಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಸಿಕೊಂಡು, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ರಸ ಹಾಕಿದಾಗ ಅಲ್ಲಿ ಮಾತ್ರ ದದ್ದು ಎದ್ದಿತು. ಆ ಸೀರಮ್ಮಿನಲ್ಲಿ ಇರುವುದು ಐಜಿಇ ಅಂತ ಹಿಡಿಯಲಿಕ್ಕೆ ಇನ್ನೂ 45 ವರ್ಷ ಬೇಕಾಯಿತು. ಜಪಾನಿನ ಇಶಿಜಾಕಾ ದಂಪತಿ ಅದನ್ನು ಹುಡುಕಿದರು. ಅಲರ್ಜಿ ಎಂಬ ಪದ ಇವೆರಡಕ್ಕಿಂತ ಹಳೆಯದು, 1906ರದ್ದು. ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಇಟ್ಟದ್ದು. ಕುದುರೆಯ ಸೀರಮ್ಮಿನ ಇಂಜೆಕ್ಷನ್ನಿಗೆ ಕೆಲವು ಮಕ್ಕಳ ಮೈ ಎರಡನೆಯ ಸಲ ಬೇಗ, ಜೋರಾಗಿ ತಿರುಗಿಬೀಳುವುದನ್ನು ಅವರು ಗಮನಿಸಿದ್ದರು. ಅಲ್ಲೂ ಎರಡನೆಯ ಸಲವೇ, ಅಲ್ವಾ?

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. ಮಳೆಗಾಲದಲ್ಲಿ ಅವನು ಬೆಳಿಗ್ಗೆ ಎದ್ದರೆ ಹತ್ತಿಪ್ಪತ್ತು ಸೀನು, ಅದು ಶೀತ ಅಂತ ಬಿಟ್ಟಿದ್ದೇವೆ ಅಂತ. ನೀವು ಸುಮ್ನೆ ಬರೆದಿರಬಹುದು, ನನಗೆ ಅಲ್ಲೇ ಕಣ್ಣು ನಿಂತಿತು. ಹಾಸಿಗೆ, ದಿಂಬು, ಕಂಬಳಿಯಲ್ಲಿ ಧೂಳಿನ ನುಸಿ ಅಂತ ಇರುತ್ತದೆ. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಗಾತ್ರ, ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಮನೆಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದರ ಹಿಕ್ಕೆ ಮೂಗಿಗೆ ಹೋಗಿ ಬೆಳಗಿನ ಸೀನು ಬರುತ್ತದೆ. ಇನ್ನು ಮುಖ್ಯವಾದ್ದು. ಈ ನುಸಿಯ ಸ್ನಾಯುವಿನಲ್ಲಿ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಇದೆ. ಏಡಿಯಲ್ಲೂ ಸೀಗಡಿಯಲ್ಲೂ ಅದೇ ಇದೆ, ಬಹುತೇಕ ಒಂದೇ ರೂಪ. ನುಸಿಗೆ ಹಾಕಿಕೊಂಡ ಗುರುತು ಏಡಿಗೂ ಹೊಂದಿಬಿಡಬಹುದು. ನಿಮ್ಮ ಹುಡುಗನಿಗೆ ಹೀಗೇ ಆಗಿದೆ ಅಂತ ನಾನು ಹೇಳಲಾರೆ, ಅದನ್ನು ಪರೀಕ್ಷೆ ಹೇಳಬೇಕು. ಆದರೆ ಅವನ ಸೀನಿನ ಸಂಗತಿಯನ್ನು ಡಾಕ್ಟರ್‌ಗೆ ಹೇಳಲೇಬೇಕು. ಈ ಪ್ರೋಟೀನು ಬೇಯಿಸಿದರೆ ಹಾಳಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಚೆನ್ನಾಗಿ ಕುದಿಸಿದ್ದೆವು, ಕಾಚಂಪುಳಿ ಎಂಬ ನಮ್ಮ ಕಡೆಯ ಹುಳಿ ಹಾಕಿದ್ದೆವು ಅಂತ ಬರೆದಿದ್ದೀರಿ. ಅಡುಗೆಯಲ್ಲಿ ನಿಮ್ಮ ತಪ್ಪೇನೂ ಇಲ್ಲ ಅಮ್ಮ.

ಕಾಚಂಪುಳಿ ಅಂದಾಗ, ತುರಿಸದಿರಲಿ ಅಂತ ಹುಳಿ ಹಾಕಿ ಬೇಯಿಸುವ ಕೆಸು ನೆನಪಾಯಿತು. ಕೆಸುವಿನ ಸೊಪ್ಪು ತಿಂದು ಗಂಟಲು ತುರಿಸಿದರೆ ಅದನ್ನೂ ಈಗ ಅಲರ್ಜಿ ಅನ್ನುತ್ತಾರೆ. ಅದು ಅಲರ್ಜಿ ಅಲ್ಲ. ಸೊಪ್ಪಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅವು ಯಾರ ಗಂಟಲಿಗಾದರೂ ಚುಚ್ಚುತ್ತವೆ, ಮೊದಲ ಸಲವೇ ಚುಚ್ಚುತ್ತವೆ. ನಸುಗುನ್ನಿ, ಕಂಬಳಿಹುಳ ತಾಗಿದಾಗ ಆಗುವ ತುರಿಕೆಯೂ ಬಹುಮಟ್ಟಿಗೆ ಹಾಗೇ, ತಾಗಿದವರಿಗೆಲ್ಲ ಆಗುತ್ತದೆ. ಚೇರಿನ ಮರದ ಸೊನೆ ಮಾತ್ರ ಬೇರೆ. ಅದು ಅಲರ್ಜಿಯೇ, ಆದರೆ ಐಜಿಇಯದ್ದಲ್ಲ, ರಕ್ತದ ಬಿಳಿಕಣಗಳೇ ನೇರವಾಗಿ ಮಾಡುವಂಥದ್ದು. ಅದಕ್ಕೇ ಕೂಡಲೇ ಏನೂ ಕಾಣದೆ ಒಂದೆರಡು ದಿನ ಕಳೆದು ಚರ್ಮ ಗುಳ್ಳೆ ಏಳುತ್ತದೆ, ಮರ ಮುಟ್ಟಿದ್ದೇ ಅಷ್ಟು ಹೊತ್ತಿಗೆ ಮರೆತುಹೋಗಿರುತ್ತದೆ.

ನನಗೆ ಈ ವಿಷಯ ಯಾಕೆ ಇಷ್ಟು ಹತ್ತಿರ ಅಂತ ಹೇಳಬೇಕು. ನಮ್ಮ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಕರಿಮೆಣಸು ಕೊಯ್ಯುವಾಗ ಏಣಿ ಮೇಲೆ ಕಣಜ ಕಚ್ಚಿತು, ಕೈ ಮೊಣಕೈವರೆಗೆ ಊದಿತು, ಸುಣ್ಣ ಹಚ್ಚಿಕೊಂಡು ಸುಮ್ಮನಾದ. ಮುಂದಿನ ವರ್ಷ ಮತ್ತೆ ಒಂದೇ ಒಂದು ಕಣಜ, ಕುತ್ತಿಗೆಗೆ. ಹತ್ತು ನಿಮಿಷದಲ್ಲಿ ಕಣ್ಣು ಕತ್ತಲೆ ಬರುತ್ತಿದೆ ಅಂತ ಮೆಣಸಿನ ಚೀಲದ ಮೇಲೆ ಕುಸಿದ. ಮೊದಲು ಕರೆದುಕೊಂಡು ಹೋದ ಕಡೆ ತುರಿಕೆಯ ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ನಲವತ್ತು ನಿಮಿಷ ಅಲ್ಲೇ ಹೋಯಿತು, ತುಟಿ ನೀಲಿಯಾಗಿತ್ತು. ಎರಡನೆಯ ಕಡೆ ಹೋದ ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಅವನ ಮುಖಕ್ಕೆ ಬಣ್ಣ ವಾಪಸು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬದುಕಿದ. ಆ ನಲವತ್ತು ನಿಮಿಷ ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಅದಕ್ಕೇ ಈ ಒಂದು ಹೆಸರು ಬಾಯಿಪಾಠ ಮಾಡಿಕೊಳ್ಳಿ: ಅಡ್ರಿನಲಿನ್. ಸಡಿಲವಾದ ರಕ್ತನಾಳವನ್ನು ಬಿಗಿ ಮಾಡುವುದು, ಬಿಗಿದ ಶ್ವಾಸನಾಳವನ್ನು ತೆರೆಯುವುದು, ಮಾಸ್ಟ್ ಕೋಶ ಇನ್ನೂ ಚೆಲ್ಲದಂತೆ ತಡೆಯುವುದು, ಮೂರನ್ನೂ ಅದು ಮಾಡುತ್ತದೆ. ಸೆಟ್ರಿಜಿನ್, ಅವಿಲ್ ಇವೆಲ್ಲ ಹಿಸ್ಟಮಿನ್ ಒಂದನ್ನೇ ತಡೆಯುವುದು, ಅದೂ ನಿಧಾನ. ತುರಿಕೆಗೆ ಒಳ್ಳೆಯದು, ಉಸಿರು ಕಟ್ಟಿದಾಗ ಅದನ್ನು ನಂಬಿ ಕೂರಬಾರದು. ನಿಮ್ಮ ಹುಡುಗನಿಗೆ ಕೊಟ್ಟದ್ದು ಯಾವ ಇಂಜೆಕ್ಷನ್ ಅಂತ ಆ ಚೀಟಿಯಲ್ಲಿ ನೋಡಿ. ಗಂಟೆಯೊಳಗೆ ಮನೆಗೆ ಬಂದಿರಿ ಅಂದಿರಿ, ಇನ್ನೊಂದು ಸಲ ಹಾಗೆ ಅವಸರ ಮಾಡಬೇಡಿ. ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರುವುದುಂಟು, ಅಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಬೇಕು. ದಾರಿಯಲ್ಲಿ ಅವನನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರು ಕಷ್ಟ ಆಗುತ್ತಿದ್ದರೆ ಒರಗಿ ಕೂರಲಿ. 108ಕ್ಕೆ ಫೋನ್ ಮಾಡಿ. ನಿಮ್ಮ ಕಡೆ ಮಳೆಗೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಅದನ್ನೂ ಡಾಕ್ಟರ್ ಹತ್ತಿರ ಹೇಳಿ ಕೇಳಿ: ಮನೆಯಲ್ಲಿ ಅಡ್ರಿನಲಿನ್ ಇಟ್ಟುಕೊಳ್ಳಬೇಕಾ, ಎಷ್ಟು, ಹೇಗೆ ಚುಚ್ಚುವುದು ಅಂತ. ಅವರು ತೂಕ ನೋಡಿ ಬರೆದುಕೊಡಲಿ, ಮಗನೋ ಸೊಸೆಯೋ ಅವರ ಮುಂದೆಯೇ ಕಲಿಯಲಿ.

ಪರೀಕ್ಷೆ ಕಷ್ಟದ್ದಲ್ಲ. ಕೈ ಚರ್ಮದ ಮೇಲೆ ಒಂದೊಂದು ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ, ಕಾಲು ಗಂಟೆಯಲ್ಲಿ ಯಾವುದು ಉಬ್ಬಿತು ಅಂತ ನೋಡುತ್ತಾರೆ. ರಕ್ತದಲ್ಲೂ ನೋಡಬಹುದು. ಮೈಸೂರಿನಂಥ ದೊಡ್ಡ ಆಸ್ಪತ್ರೆಗಳಿರುವ ಊರಿಗೆ ಹೋಗಬೇಕಾಗಬಹುದು. ಹೋಗುವ ಕೆಲವು ದಿನ ಮುಂಚಿನಿಂದ ಸೆಟ್ರಿಜಿನ್ ಥರದ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಏಡಿ, ಸೀಗಡಿ, ಸಂತೆಯಿಂದ ತರುವ ಒಣ ಸೀಗಡಿಯ ಚಟ್ನಿ ಎಲ್ಲ ದೂರ ಇರಲಿ. ಮೀನಿನಲ್ಲಿ ಅಲರ್ಜಿ ಮಾಡುವ ಪ್ರೋಟೀನು ಬೇರೆ, ಆದರೂ ಒಂದು ಮಾತು ಕೇಳಿಯೇ ಕೊಡಿ. ಅವನ ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಲ್ಲಿ ಒಗೆಯಿರಿ, 60 ಡಿಗ್ರಿ ಇದ್ದರೆ ನುಸಿ ಸಾಯುತ್ತದೆ. ಕಂಬಳಿಯನ್ನು ಸದ್ಯಕ್ಕೆ ಬೇರೆಯವರು ಹೊದೆಯಲಿ.

ಇನ್ನು ಮದ್ದುಸೊಪ್ಪು. ಪ್ರತಿ ವರ್ಷ ತಿಂದಿದ್ದಾನೆ, ಏಡಿಯ ಪ್ರೋಟೀನಿಗೂ ಆ ಗಿಡಕ್ಕೂ ಸಂಬಂಧ ಇಲ್ಲ. ಕೊಡಿ. ಒಂದು ಕಾಯಿಲೆಗೆ ಹೆದರಿ ಮಗುವಿನ ತಟ್ಟೆಯಿಂದ ಎಲ್ಲವನ್ನೂ ತೆಗೆದುಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಾಗಿ ಹೋದರೆ ಅದು ಸೊಪ್ಪಿನ ಬಣ್ಣ, ಅಲರ್ಜಿ ಅಲ್ಲ ಅಂತ ಅವನಿಗೆ ಹೇಳಿ, ಈ ಸಲ ಸ್ವಲ್ಪ ಹೆದರಿರುತ್ತಾನೆ. ಪಾಯಸ ಮಾಡುವ ಪಾತ್ರೆ ಏಡಿ ಬೇಯಿಸಿದ್ದಾಗಿದ್ದರೆ ಮಾತ್ರ ಬೇರೆ ಪಾತ್ರೆ ತೆಗೆದುಕೊಳ್ಳಿ.

— ಸಂಪಾದಕ