ನಿಮ್ಮ ಲೇಖನ ಶುರುವಾಗುವುದು ಒಂಬತ್ತನೇ ಪುಟದಲ್ಲಿ

ನಮಸ್ಕಾರ. ನೀವು ಕಳಿಸಿದ ‘ಅರಬ್ಬೀ ವೈದ್ಯ: ಜಗತ್ತಿಗೊಂದು ವರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಎಸೆಯಬೇಡಿ. ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ: ವಿಜಯಪುರದ ನಿಮ್ಮ ಅಜ್ಜಿ ಈಗಲೂ ಆಸ್ಪತ್ರೆಗೆ ದವಾಖಾನಿ ಅನ್ನುತ್ತಾರೆ, ಹೊಟ್ಟೆ ಕಟ್ಟಿದರೆ ಜುಲಾಬು ತಗೋ ಅನ್ನುತ್ತಾರೆ. ಅಲ್ಲಿಂದ ಶುರು ಮಾಡುವುದು ಬಿಟ್ಟು ಎಂಟು ಪುಟ ಎಲ್ಲಿ ಸುತ್ತಾಡಿದಿರಿ ಮಾರಾಯ್ರೇ?

‘ದವಾ’ ಅರಬ್ಬೀ, ‘ಖಾನೆ’ ಪಾರಸಿ. ಜುಲಾಬಿನ ಕಥೆ ಇನ್ನೂ ಮಜಾ. ಪಾರಸಿಯ ‘ಗುಲಾಬ್’ ಅಂದರೆ ಪನ್ನೀರು. ಅದು ಅರಬ್ಬಿಗೆ ಹೋಗಿ ‘ಜುಲಾಬ್’ ಆಯಿತು, ಪನ್ನೀರು ಹಾಕಿದ ಸಿಹಿ ಪಾನಕ. ನಮ್ಮ ಕಡೆ ಬರುವಷ್ಟರಲ್ಲಿ ಭೇದಿ ಔಷಧಿ! ಗುಲಾಬಿಗೂ ಜುಲಾಬಿಗೂ ನಂಟು ಅಂದರೆ ಯಾವ ಓದುಗ ಪುಟ ಮಗುಚುತ್ತಾನೆ ಹೇಳಿ.

ನೀವೋ, ಹಳೇ ಕಾಲದ ವೈದ್ಯ ಇಬ್ನ್ ಸೀನಾನಿಗೆ ಜೈಕಾರ ಹಾಕುತ್ತಾ ಕೂತಿದ್ದೀರಿ. ‘ಮಹಾನ್’ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದ್ದೇನೆ. ಅವನು ಬುಖಾರಾ ಹತ್ತಿರ ಹುಟ್ಟಿದವನು, ಅರಬ್ಬನಲ್ಲ, ವೈದ್ಯಗ್ರಂಥ ಬರೆದದ್ದು ಅರಬ್ಬಿಯಲ್ಲಿ ಅಷ್ಟೇ. ಬಾಗ್ದಾದಿನಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್‌ನ ಪುಸ್ತಕಗಳನ್ನು ಅನುವಾದಿಸಿದ ಹುನೈನ್ ಕ್ರೈಸ್ತ. ಹಕೀಮರ ವೈದ್ಯಪದ್ಧತಿಯ ಹೆಸರು ಯುನಾನಿ, ಹಾಗೆಂದರೇ ‘ಗ್ರೀಕರದ್ದು’ ಅಂತ, ನಮ್ಮ ‘ಯವನ’ದ ದಾಯಾದಿ ಪದ. ಇವರನ್ನೆಲ್ಲ ‘ಅರಬ್ಬರು’ ಅಂತ ಒಂದೇ ಗೋಣಿಚೀಲಕ್ಕೆ ತುಂಬಬೇಡಿ.

ನನ್ನ ದೊಡ್ಡ ತಕರಾರು ಬೇರೆ. ಅವರು ಕೊಟ್ಟರು, ನಾವು ತೆಗೆದುಕೊಂಡೆವು ಅನ್ನುವ ಹಾಗೆ ಬರೆದಿದ್ದೀರಿ. ಅಳಲೆ, ತಾರೆ, ನೆಲ್ಲಿ ಈ ಮೂರು ಕಾಯಿಗಳನ್ನು ಒಮ್ಮೆ ಹಿಂಬಾಲಿಸಿ ನೋಡಿ. ಸುಶ್ರುತನ ಗ್ರಂಥ ಬಾಗ್ದಾದಿನಲ್ಲಿ ಅರಬ್ಬಿಗೆ ಅನುವಾದವಾಗಿತ್ತು. 850ರಲ್ಲಿ ಅಲ್-ತಬರಿ ಬರೆದ ವೈದ್ಯಗ್ರಂಥದ ಕೊನೆಗೆ ಭಾರತೀಯ ವೈದ್ಯದ ಮೇಲೆಯೇ ಒಂದು ಭಾಗ ಇದೆ. ಈ ಓಡಾಟದಲ್ಲಿ ನಮ್ಮ ತ್ರಿಫಲ ಅವರ ಬಾಯಲ್ಲಿ ‘ಇತ್ರಿಫಲ್’ ಆಯಿತು. ಆಮೇಲೆ ಹಕೀಮರ ಜೊತೆ ವಾಪಸ್ ಬಂತು, ಬಾದಾಮಿ ಎಣ್ಣೆಯಲ್ಲೋ ತುಪ್ಪದಲ್ಲೋ ಹೊರಳಿ, ಜೇನು ಕಲಸಿಕೊಂಡು. ಪರದೇಶಕ್ಕೆ ಹೋದ ಮಗ ಹೊಸ ಕೋಟು ಹಾಕಿಕೊಂಡು ಬಂದ ಹಾಗೆ. ಎದುರು ದಿಕ್ಕಿನದೂ ಇದೆ: ಭೇದಿಗೆ ಕೊಡುವ ಸೋನಾಮುಖಿ ಸೊಪ್ಪು. ಹೆಸರು ಕೇಳಿದರೆ ಅಚ್ಚ ನಮ್ಮದೇ ಅನಿಸುತ್ತದೆ ಅಲ್ವಾ? ಅದು ‘ಸನಾ ಮಕ್ಕೀ’, ಮೆಕ್ಕಾದ ಸನಾ.

ವಿಜಯಪುರದಲ್ಲೇ ನೆಲೆಸಿದ್ದ ಫಿರಿಶ್ತಾನನ್ನು ಹೇಗೆ ಮರೆತಿರಿ? ಇತಿಹಾಸಕಾರ ಅಂತ ಎಲ್ಲರಿಗೂ ಗೊತ್ತು. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸರೆಯಲ್ಲಿದ್ದ ಈ ಮನುಷ್ಯ ಭಾರತೀಯ ವೈದ್ಯದ ಬಗ್ಗೆ ಪಾರಸಿಯಲ್ಲಿ ಒಂದು ಪುಸ್ತಕವನ್ನೇ ಬರೆದ, ‘ದಸ್ತೂರುಲ್ ಅತಿಬ್ಬಾ’. ನಿಮ್ಮ ಅಜ್ಜಿಯ ಊರಿನಲ್ಲೇ ಕೂತು! ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

ನಾಡಿ ಪರೀಕ್ಷೆಯನ್ನು ‘ಅರಬ್ಬರೇ ಕಲಿಸಿದರು’ ಅನ್ನುವ ವಾಕ್ಯ ತೆಗೆಯಿರಿ. ಚರಕ, ಸುಶ್ರುತರಲ್ಲಿ ಅದು ಇಲ್ಲ, 1300ರ ಆಸುಪಾಸಿನ ಶಾರ್ಙ್ಗಧರ ಸಂಹಿತೆಯಲ್ಲಿ ಇದೆ, ಅಫೀಮಿನ ಮದ್ದೂ ಅದರಲ್ಲಿದೆ. ಇಷ್ಟು ಹೇಳಿ ಸುಮ್ಮನಾಗಿ. ಎಲ್ಲಿಂದ ಬಂತು ಅಂತ ವಿದ್ವಾಂಸರೇ ಜಗಳ ಆಡುತ್ತಿದ್ದಾರೆ, ನೀವು ಯಾಕೆ ತೀರ್ಪು ಕೊಡುತ್ತೀರಿ? ‘ಯುನಾನಿಯಲ್ಲಿ ವಾಸಿಯಾಗದ ರೋಗವಿಲ್ಲ’ ಅನ್ನುವುದಂತೂ ಬೇಡವೇ ಬೇಡ. ಅದನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ?

ಒಂದು ಕೆಲಸ ಮಾಡಿ. ಹತ್ತಿರದ ಗ್ರಂಧಿಗೆ ಅಂಗಡಿಗೆ ಹೋಗಿ ಅರ್ಧ ದಿನ ಸುಮ್ನೆ ಕೂತುಕೊಳ್ಳಿ. ಡಬ್ಬಗಳ ಮೇಲಿನ ಹೆಸರುಗಳನ್ನು ಬರೆದುಕೊಳ್ಳಿ, ಯಾರು ಏನು ಕೇಳಿಕೊಂಡು ಬರುತ್ತಾರೆ ನೋಡಿ. ಆಮೇಲೆ ಅಜ್ಜಿಯ ಹತ್ತಿರ ಹೋಗಿ, ಸೋನಾಮುಖಿ ಎಷ್ಟು ಎಲೆ, ಎಷ್ಟು ನೀರು, ಬೆಲ್ಲ ಹಾಕುತ್ತಿದ್ದರೋ ಇಲ್ಲವೋ ಕೇಳಿ. 1200 ಪದ ಸಾಕು. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಓದುತ್ತೇನೆ.